ಖಾಜಾಸಾಬ ಕಾಕಾನ ಎಲ್ಲನ್‌ಬಿ

ಖಾಜಾಸಾಬ ಕಾಕಾ ಮಾಳಿಗೆ ಹತ್ತಿದನೆಂದರೆ ಆಕಾಶದ ಜೊತೆ ಜಗಳಕ್ಕೆ ನಿಂತನೆಂದೇ ಅರ್ಥ. ಒಂದು ಕಣ್ಣು ಮುಚ್ಚಿ, ಡಿಶ್ಶಿನ ಅಂಚು ಹಿಡಿದು ಕೂದಲೆಳೆಯಷ್ಟು ಸರಿಸಿ, ಕೆಳಗೆ ಟೀವಿ ಮುಂದೆ ಕೂತವರಿಗೆ "ಬಂತೇನ್ರಿ?" ಎಂದು ಕೂಗುತ್ತಿದ್ದ. ದಿಕ್ಸೂಚಿ ಮುಟ್ಟಿದ್ದನ್ನು ನಾನಂತೂ ನೋಡಿಲ್ಲ. ತೊಂಬತ್ತೆಂಟರ ಸುಮಾರಿಗೆ ನಮ್ಮ ತಾವರಗೇರಾದಲ್ಲಿ ಅವನ ಕೈ ತಾಗದ ಡಿಶ್ಶೇ ಇರಲಿಲ್ಲ.

ಶಾಲೆಯ ಕಟ್ಟೆ ಹತ್ತಿದವನಲ್ಲ. ಡಿಶ್ ಅವನಿಗೆ ಬುಟ್ಟಿ, ರಿಸೀವರ್ ಪೆಟ್ಟಿಗಿ. ಬುಟ್ಟಿಯ ಎದುರಿಗೆ ಕಡ್ಡಿಗಳ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಮಾತ್ರ ಅವನ ಬಾಯಲ್ಲಿ 'ಎಲ್ಲನ್‌ಬಿ' ಆಗಿ, ಅವರ ಓಣಿಯ ಫಾತಿಮಾಬಿ, ಹುಸೇನ್‌ಬಿಯರ ಸಾಲಿಗೆ ಸೇರಿಬಿಟ್ಟಿತ್ತು. ಒಮ್ಮೆ ನಮ್ಮ ಮಾಳಿಗೆಯಿಂದ, "ಎಲ್ಲನ್‌ಬಿಗೆ ನೀರ ಹೊಕ್ಕೈತಿ, ಆಕಿ ಇನ್ನ ಉಳಿಯೂದಿಲ್ರಿ!" ಎಂದು ಕೂಗಿದ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮಜ್ಜಿ ಮೊರ ಕೆಳಗಿಟ್ಟಳು. "ಅಯ್ಯ ಶಿವನ! ಹೆಣ್ಮಗಳು ಸಾಯಾಕತ್ತಾಳ, ನೀ ಇಲ್ಲಿ ಬುಟ್ಟಿ ತಿರುವಾಕತ್ತೀಯಲ್ಲೋ ಖಾಜಾ! ಮೊದಲ ದವಾಖಾನಿಗೆ ಒಯ್ಯೋ!"

ಕಾಕಾ ನಗಲಿಲ್ಲ. ಕೆಟ್ಟ ಎಲ್ಲನ್‌ಬಿಯನ್ನು ಬಿಚ್ಚಿ ತಂದು ಅಜ್ಜಿಯ ಉಡಿಯಲ್ಲಿಟ್ಟು, "ಈಕಿನ ನೋಡವ್ವಾ" ಎಂದ. ಆಮೇಲೆ ಇಬ್ಬರೂ ನಕ್ಕಿದ್ದು ಓಣಿಗೆಲ್ಲ ಕೇಳಿತ್ತು.

ಆ ವರ್ಷ ನಾನು ಪಿಯುಸಿ ಇಂಗ್ಲಿಷಿನಲ್ಲಿ ಎರಡನೆಯ ಸಲ ನಪಾಸಾಗಿ ಮೂಲೆ ಹಿಡಿದಿದ್ದೆ. ಗಂಗಾವತಿಯ ಡಿಶ್ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸಾಮಾನು ವಿವರಿಸಿ ಹೇಳುವ ಕೆಲಸವಿತ್ತು. ಅದೂ ಸಿಗದಿದ್ದರೆ ಬಂದ ಮೊದಲ ವರನಿಗೆ ಕೊಟ್ಟುಬಿಡುತ್ತೇನೆಂದು ಅಪ್ಪ ಹೇಳಿಯಾಗಿತ್ತು. ಆ ಸಾಮಾನುಗಳ ಇಂಗ್ಲಿಷ್ ಹೆಸರುಗಳ ಪಟ್ಟಿ ಹಿಡಿದು ನಾನು ಅಳುತ್ತ ಕೂತಿದ್ದಾಗ ಕಾಕಾ ಅದನ್ನು ಕಸಿದುಕೊಂಡ.

"ಹೆಸರ ಹೋಗ್ಲಿ ಬಿಡವ್ವಾ. ಅದು ಏನ ಮಾಡತೈತಿ, ಅದನ್ನ ಹೇಳು. ಮ್ಯಾಲಿಂದ ಬಂದದ್ದನ್ನ ಬುಟ್ಟಿ ಒಂದ ಕಡೆ ಕೂಡಿಸ್ತೈತಿ. ಎಲ್ಲನ್‌ಬಿ ಆ ಸಣ್ಣ ದನಿ ಕೇಳಿ, ದೊಡ್ಡದು ಮಾಡಿ, ವೈರಿನ್ಯಾಗ ಕಳಸ್ತಾಳ. ಪೆಟ್ಟಿಗಿ ಅದನ್ನ ಬಿಡಿಸಿ ಟೀವಿಗೆ ತಿಳಿಯೂ ಹಂಗ ಹೇಳತೈತಿ. ಮುಗೀತಲ್ಲ!"

ಕೆಲಸ ಕೇಳಲು ಹೋದ ದಿನ ಅಂಗಡಿಯ ಮಾಲೀಕರು ಒಂದು ಸಾಮಾನು ಎತ್ತಿ ಹಿಡಿದು ಇದೇನೆಂದು ಕೇಳಿದಾಗ ನನ್ನ ಬಾಯಿಂದ "ಎಲ್ಲನ್‌ಬಿ" ಎಂದೇ ಬಂತು. ಅವರು ಬಿದ್ದು ಬಿದ್ದು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಟ ಹಿಡಿದವಳಂತೆ, ಆಕೆ ಏನು ಮಾಡುತ್ತಾಳೆಂದು ಕಾಕಾನ ಮಾತಿನಲ್ಲೇ ಹೇಳಿ ಮುಗಿಸಿದೆ.

"ಇಷ್ಟು ಸರಳ ನನಗೂ ಯಾರೂ ಹೇಳಿದ್ದಿಲ್ಲ ಬಿಡಮ್ಮಾ," ಎಂದರು ಅವರು. "ಸೋಮವಾರದಿಂದ ಕೆಲಸಕ್ಕ ಬಾ."

ಇವತ್ತು ಗಂಗಾವತಿಯಲ್ಲಿ ನನ್ನದೇ ಅಂಗಡಿ ಇದೆ. ಕಾಕಾನಂಥ ಮಾಸ್ತರ ನನಗೆ ಮತ್ತೊಬ್ಬ ಸಿಗಲಿಲ್ಲ.

ಕಡೆಯ ಸಲ ನೋಡಿದಾಗ ಅವನಿಗೆ ಲಕ್ವಾ ಹೊಡೆದಿತ್ತು. ಹೆಸರುಗಳೆಲ್ಲ ಮರೆತುಹೋಗಿದ್ದವು, ಹೆಂಡತಿಯದೂ ಸೇರಿ. ನನ್ನನ್ನು ನೋಡಿ ತುಟಿ ಅಲುಗಿಸಿದ. ಹೆಸರು ಸಿಗದೆ ಕಣ್ಣಲ್ಲಿ ನೀರು ತಂದುಕೊಂಡ. ನನಗೂ ತಡೆಯಲಾಗಲಿಲ್ಲ. ಕೈ ಹಿಡಿದುಕೊಂಡೆ.

"ಹೆಸರ ಹೋಗ್ಲಿ ಬಿಡ ಕಾಕಾ. ನಾ ಏನ ಮಾಡತೀನಿ, ಅದನ್ನ ಹೇಳು."

ಬಹಳ ಹೊತ್ತು ನೋಡಿದ. ಆಮೇಲೆ ಸೊಟ್ಟಗಾಗಿದ್ದ ಬಾಯಲ್ಲೇ ನಕ್ಕ.

"ಸಣ್ಣ ದನಿ... ದೊಡ್ಡದು ಮಾಡಾಕಿ."

"ಹೌದ ಕಾಕಾ," ಎಂದೆ. "ನಾ ನಿನ್ನ ಎಲ್ಲನ್‌ಬಿ."