ಬೀಗದಕ್ಕನ ಐದು ಗುರಿ

ಬ್ಯಾಂಕಿನ ಖಜಾನೆ ಕಾಯುವ ಬೀಗದಕ್ಕನಿಗೆ ಆ ಹೆಸರು ಸುಮ್ಮನೆ ಬಿದ್ದದ್ದಲ್ಲ. ಬೀಗ ಹಾಕಿ ಒಮ್ಮೆ ಜಗ್ಗುತ್ತಾರೆ, ನಾಲ್ಕು ಹೆಜ್ಜೆ ನಡೆದು ತಿರುಗಿ ಬಂದು ಮತ್ತೆ ಜಗ್ಗುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಪಾಳಿಯಲ್ಲಿ ಒಂದು ಬಾಗಿಲೂ ತೆರೆದು ಉಳಿದದ್ದಿಲ್ಲ. ಅಂಥವರನ್ನು ಗುಂಡು ಹಾರಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲು ಮಾಡಿದವನು ನಾನೇ, ಕಾವಲುಗಾರರಿಗೆ ಪಿಸ್ತೂಲು ಕಲಿಸುವ ಮೇಷ್ಟ್ರು.

ನಿಯಮ ಹೊಸದು. ಸಾಲಾಗಿ ನಿಲ್ಲಿಸಿದ ಐದು ಗುರಿ, ಒಂದೊಂದಕ್ಕೆ ಒಂದೊಂದು ಗುಂಡು, ಒಟ್ಟು ಐದು ಸೆಕೆಂಡು. ನಾಲ್ಕಾದರೂ ತಾಗಬೇಕು. ಮೂರನೆಯ ಸಲವೂ ತಪ್ಪಿದರೆ ಪಿಸ್ತೂಲು ವಾಪಸ್ ಕೊಟ್ಟು, ಗೇಟಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಬೇಕು. ಅಕ್ಕನ ಗುಂಡು ಒಂದೂ ತಪ್ಪುತ್ತಿರಲಿಲ್ಲ, ಆದರೆ ಒಂಬತ್ತು ಸೆಕೆಂಡು ಹಿಡಿಯುತ್ತಿತ್ತು. "ಬೇಗ ಅಕ್ಕಾ, ಬೇಗ" ಎಂದು ನಾನು ಗಂಟಲು ಹರಿದುಕೊಂಡೆ. ಅವರು ಪಾಪ, ಮುಂದಿನ ಗುರಿಯತ್ತ ಜೋರಾಗಿ ಕೈ ಬೀಸಿದರು. ಪಿಸ್ತೂಲು ಗುರಿಯನ್ನು ದಾಟಿ ಆಚೆ ಹೋಯಿತು, ಹಿಂದಕ್ಕೆ ತರುವಷ್ಟರಲ್ಲಿ ಇನ್ನೂ ತಡವಾಯಿತು. ಮೇಷ್ಟ್ರಿಗೆ ಬಾಯಿ ಜೋರು, ಬುದ್ಧಿ ಮಂದ ಎನ್ನಿ.

ಒಂದು ದಿನ ಪಕ್ಕಕ್ಕೆ ನಿಂತು ಗುರಿ ಬಿಟ್ಟು ಅವರ ಕಣ್ಣನ್ನೇ ನೋಡಿದೆ. ಗುಂಡು ಹೊಡೆದ ಮೇಲೂ ಕಣ್ಣು ಅಲ್ಲೇ ನಿಲ್ಲುತ್ತಿತ್ತು, ತೂತು ಬಿತ್ತೋ ಇಲ್ಲವೋ ಎಂದು. ಬೀಗ ಜಗ್ಗುವ ಚಾಳಿ ಇಲ್ಲಿಗೂ ಬಂದಿತ್ತು.

"ಕೈಗೆ ಅವಸರ ಬೇಡ ಅಕ್ಕಾ. ಹೊಡೆದ ತಕ್ಷಣ ಕಣ್ಣು ಮುಂದಿನದಕ್ಕೆ ಹೋಗ್ಲಿ. ಕಣ್ಣು ಹೋದಲ್ಲಿಗೆ ಕೈ ತಾನಾಗೇ ಬರುತ್ತೆ."

"ತಾಗಿದ್ಯೋ ಇಲ್ವೋ ನೋಡ್ದೆ ಹೇಗೆ ಮೇಷ್ಟ್ರೇ ಬಿಟ್ಟು ಹೋಗೋದು?"

"ತಿರುಗಿ ನೋಡಿದ್ರೆ ತೂತೇನು ದೊಡ್ಡದಾಗುತ್ತಾ?"

ನಗಲಿಲ್ಲ. ತಲೆಯಾಡಿಸಿ ಹೋದರು.

ಐವತ್ನಾಲ್ಕರ ಆ ಹೆಂಗಸು ಮಾಡಿದ್ದನ್ನು ಅವರ ಸೊಸೆ ಹೇಳಿದಳು. ದಿನಾ ಬೆಳಿಗ್ಗೆ ಒಲೆಯ ಮೇಲೆ ನೀರು ಕುದಿಯುವವರೆಗೆ ಅಡುಗೆಮನೆಯ ಕಪಾಟಿನ ಎದುರು ನಿಲ್ಲುವುದು, ಐದು ಡಬ್ಬಿಗಳಿಗೆ ಮೊದಲು ಕಣ್ಣು, ಆಮೇಲೆ ಬರಿಗೈಯ ಬೆರಳು. ಮೊದಲ ವಾರವೆಲ್ಲ ಆಮೆಯ ನಡಿಗೆ. "ಯಾವ ಡಬ್ಬಿ ಬೇಕು ಹೇಳಿ ಅತ್ತೆ, ನಾನೇ ತಕ್ಕೊಡ್ತೀನಿ" ಎಂದಳಂತೆ ಸೊಸೆ. ಒಂದು ದಿನವೂ ತಪ್ಪಿಸದೆ ಮೂರು ತಿಂಗಳು. ನನ್ನ ಶಿಷ್ಯರಲ್ಲಿ ಗಟ್ಟಿಮುಟ್ಟಾದ ಗಂಡಸರಿದ್ದಾರೆ, ಹತ್ತು ದಿನಕ್ಕೇ ಬೇಸತ್ತು ಮನೆಯಲ್ಲಿ ಬಿದ್ದುಕೊಳ್ಳುತ್ತಾರೆ.

ಪರೀಕ್ಷೆಯ ದಿನ ಸೀಟಿ ಊದಿದೆ. ಒಂದೇ ಸಮನೆ ಐದು ಸದ್ದು. ಗಡಿಯಾರ ನಾಲ್ಕು ಚಿಲ್ಲರೆ ಸೆಕೆಂಡು ತೋರಿಸಿತು. ಅವರು ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟರು. ನಾನು ಗುರಿಗಳ ಹತ್ತಿರ ನಡೆದೆ. ಮೊದಲೆರಡು ತಾಗಿದ್ದವು. ಮೂರನೆಯದರಲ್ಲಿ ತೂತೇ ಇಲ್ಲ. ನಾಲ್ಕನೆಯದು ಸರಿಯಾಗಿ ನಡುವಿಗೆ, ಐದನೆಯದೂ ನಡುವಿಗೆ.

"ಪಾಸು ಅಕ್ಕಾ" ಎಂದೆ. "ಮೂರನೇದು ಮಾತ್ರ..."

"ಗೊತ್ತು. ಹೊಡೆದಾಗ್ಲೇ ಕೈ ಹೇಳ್ತು, ತಪ್ಪಿತು ಅಂತ."

"ಮತ್ತೆ ತಿರುಗಿ ನೋಡ್ಲಿಲ್ವಲ್ಲ?"

"ಅದು ಹೋಗಿಯಾಗಿತ್ತಲ್ಲ ಮೇಷ್ಟ್ರೇ. ನಾಲ್ಕನೇದು ಕಾಯ್ತಿತ್ತು."