ದೊಡ್ಡಕ್ಕ ಜಪಾನಿ ಕಲಿಯಲು ಹೊರಟದ್ದು

ವೃದ್ಧಾಶ್ರಮದಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸುವುದು ದೊಡ್ಡಕ್ಕನ ಕೆಲಸ. ಅವಳಿಗಿಂತ ಎಷ್ಟೋ ದೊಡ್ಡವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಸೋಪು ಕಣ್ಣಿಗೆ ಇಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ತಲೆ ತೊಳೆಯುವ ಆ ಕೈಗೆ ಜಗಳಗಂಟಿಯರೂ ಮಣಿಯುತ್ತಾರೆ. ಮಣಿಯದವಳು ಒಬ್ಬಳೇ, ಜಪಾನಜ್ಜಿ.

ಈ ಅಜ್ಜಿ ಇಲ್ಲಿಯವನನ್ನೇ ಮದುವೆಯಾಗಿ ಬಂದು, ಇಲ್ಲಿಯ ಮಾತಿನಲ್ಲೇ ಸಂಸಾರ ಮಾಡಿದವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮರೆವಿನ ಕಾಯಿಲೆ ಬಂದಾಗ ಆಮೇಲೆ ಕಲಿತ ಭಾಷೆಯೇ ಮೊದಲು ಹೋಯಿತು. ಉಳಿದದ್ದು ಜಪಾನಿ ಮಾತ್ರ. ದಿನವಿಡೀ ಕಿಟಕಿ ಪಕ್ಕ ಸುಮ್ಮನೆ ಕೂತಿರುವಳು. ಬಚ್ಚಲಿನ ತೊಟ್ಟಿಯಲ್ಲಿ ಕೂರಿಸಿ ಸೋಪು ಹಚ್ಚಿದರೆ ಮಾತ್ರ ಸೂರು ಕಿತ್ತುಹೋಗುವಂತೆ ಕಿರುಚುವಳು, ಪರಚುವಳು. ಮೇಟ್ರನ್ ಒಮ್ಮೆ ದುಭಾಷಿಯನ್ನೂ ಕರೆಸಿದ್ದಳು. ಆ ಗಂಡಸನ್ನು ಬಚ್ಚಲಿಗೆ ಬಿಡುವಂತಿಲ್ಲ. ಹೊರಗೆ ಕೂರಿಸಿದರೆ ಅಜ್ಜಿ ಅವನಿಗೆ ನಯವಾಗಿ ತಲೆಬಾಗಿಸಿದಳೇ ಹೊರತು ತುಟಿಪಿಟಕ್ಕೆನ್ನಲಿಲ್ಲ.

"ಇನ್ನು ಮೇಲಿನ ಮಹಡಿಗೆ ಕಳಿಸ್ಬೇಕಾಗುತ್ತೆ ದೊಡ್ಡಕ್ಕ," ಎಂದಳು ಮೇಟ್ರನ್. ಮೇಲಿನ ಮಹಡಿಯೆಂದರೆ ನಿದ್ದೆಯ ಔಷಧಿ, ಹಾಸಿಗೆಯಲ್ಲೇ ಒದ್ದೆ ಬಟ್ಟೆಯ ಸ್ನಾನ. ಅಲ್ಲಿಗೆ ಹೋದವರು ನಡೆದುಕೊಂಡು ಕೆಳಗಿಳಿದದ್ದನ್ನು ದೊಡ್ಡಕ್ಕ ಕಂಡಿರಲಿಲ್ಲ.

"ಚಳಿಗಾಲ ಮುಗಿಯೋವರೆಗೆ ತಡೀರಿ ಮೇಡಂ. ಅವಳಿಗೆ ಏನಾಗುತ್ತೆ ಅಂತ ತಿಳ್ಕೋತೀನಿ."

"ಯಾವ ಭಾಷೇಲಿ ತಿಳ್ಕೋತೀಯ?"

"ಅವಳದ್ರಲ್ಲೇ."

ಬಸ್ಸುಗಳ ಮೆಕ್ಯಾನಿಕ್ ಆಗಿದ್ದ ದೊಡ್ಡಕ್ಕನ ಗಂಡ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷದಿಂದ ನನ್ನ ಮಾತೇ ನಿನ್ನ ಕಿವಿಗೆ ಬೀಳ್ತಿಲ್ಲ, ಇನ್ನು ಜಪಾನಿ ಬೀಳುತ್ತಾ?" ನಕ್ಕವನೇ ಸಂಜೆ ಸ್ಕೂಟರ್ ಹೊರತೆಗೆದ.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಸಂಸ್ಥೆಗೆ. "ಕೋರ್ಸು ಯಾತಕ್ಕೆ ಮೇಡಂ? ಕೆಲಸಕ್ಕಾ, ವೀಸಾಕ್ಕಾ?" ಎಂದಳು ಕೌಂಟರಿನ ಹುಡುಗಿ.

"ಸ್ನಾನಕ್ಕೆ," ಎಂದಳು ದೊಡ್ಡಕ್ಕ. "ನೋಯ್ತಿದೆಯಾ ಅಂತ ಕೇಳೋದು ಎಷ್ಟನೇ ಪಾಠದಲ್ಲಿ ಬರುತ್ತಮ್ಮ?"

"ಮೊದಲು ಅಕ್ಷರ ಆಗ್ಬೇಕು. ಮೂರು ಥರ ಇದೆ. ಮಾತು ಆಮೇಲೆ."

"ಅಷ್ಟೊತ್ತಿಗೆ ನಮ್ಮಜ್ಜಿ ಇರ್ಬೇಕಲ್ಲ."

ಎರಡನೆಯದು ಪ್ರವಾಸಕ್ಕೆ ಹೊರಟವರಿಗೆಂದು ನಡೆಸುವ ತರಗತಿ. ಬೇಕಾದ ವಾಕ್ಯವನ್ನು ಕೂಡಲೇ ಕಲಿಸುತ್ತೇವೆಂದರು. ಆತುರಗಾರನಿಗೆ ಬುದ್ಧಿ ಮಟ್ಟ. ದೊಡ್ಡಕ್ಕ ಅಲ್ಲೇ ಸೇರಿಬಿಟ್ಟಳು. 'ಇತಾಯ್' ಎಂದರೆ ನೋವು ಎಂದು ಕಲಿತಳು. ಬಚ್ಚಲಲ್ಲಿ ಅಜ್ಜಿಯ ಭುಜ ಮುಟ್ಟಿ, "ಇತಾಯ್?" ಎಂದು ಕೇಳಿದಳು.

ಕಿರುಚಾಟ ಗಕ್ಕನೆ ನಿಂತಿತು. ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡು, ಎಷ್ಟೋ ಕಾಲದಿಂದ ಕಟ್ಟಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ದೊಡ್ಡಕ್ಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ಬಚ್ಚಲಿಗೆ ಫೋನು ಒಯ್ಯುವಂತಿಲ್ಲ. ಕೇಳಿದ್ದನ್ನು ನೆನಪಿಟ್ಟುಕೊಂಡು ಯಾರಿಗಾದರೂ ಒಪ್ಪಿಸೋಣವೆಂದರೆ ಬಾಗಿಲು ದಾಟುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. ಆ ಮಾತಿನಲ್ಲಿ 'ಇತಾಯ್' ಮಾತ್ರ ಎಲ್ಲೂ ಇರಲಿಲ್ಲ, ಅಷ್ಟು ಗೊತ್ತು. ನಂಬಿಕೆಯಿಂದ ಕೈ ಹಿಡಿದವಳಿಗೆ ಮೋಸ ಮಾಡಿದಂತಾಯಿತಲ್ಲ ಎಂದು ಟವೆಲು ಇಡುವ ಕೋಣೆಯಲ್ಲಿ ನಿಂತು ಅತ್ತುಬಿಟ್ಟಳು.

"ಪ್ರಶ್ನೆ ಕಲ್ತೆ, ಉತ್ತರ ಕಲೀಲಿಲ್ಲ ನೋಡಿ," ಎಂದಳು ಗಂಡನಿಗೆ. ಈ ಸಲ ಅವನು ನಗಲಿಲ್ಲ.

ಮೂರನೆಯ ಕಡೆ ಸೇರುವ ಮೊದಲು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತೇನೆಂದು ಕೇಳಿಕೊಂಡಳು. ಮಂಡಿನೋವಿನಿಂದ ಹೊರಗೆ ಓಡಾಡಲಾಗದ ನಿವೃತ್ತ ಟೀಚರೊಬ್ಬಳು ಮನೆಯಲ್ಲೇ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಪುಸ್ತಕವಿಲ್ಲ, ಹಲಗೆಯಿಲ್ಲ. ಟೀಚರ್ ಜಪಾನಿಯಲ್ಲಿ ಹೇಳುವಳು, ಮಕ್ಕಳು ಕೇಳಿ ಮಾಡುವರು: ಬಾಗಿಲು ಹಾಕು, ನೀರು ತಾ. ತಿಳಿಯದ ಮಗು ಪೆಕರು ಪೆಕರಾಗಿ ನಿಂತರೆ ಅದೇ ಮಾತನ್ನು ಮತ್ತೆ ಹೇಳಿ ಕಾಯುವಳು, ದನಿ ಮಾತ್ರ ಏರಿಸಳು. ತಿಳಿಯದವರೆದುರು ಎಲ್ಲರೂ ಕೂಗುತ್ತಾರೆ. ಆಶ್ರಮಕ್ಕೆ ಹೊಸ ಆಯಾ ಬಂದರೆ ದೊಡ್ಡಕ್ಕ ಮೊದಲು ಗಮನಿಸುವುದೇ ಅದನ್ನು. ಕಲಿತರೆ ಇಲ್ಲೇ ಕಲಿಯಬೇಕೆಂದು ನಿಶ್ಚಯಿಸಿದಳು.

"ಇದು ಮಕ್ಕಳ ಕ್ಲಾಸು, ನಿಮಗೆ ಬೇಜಾರಾಗಲ್ವಾ?" ಎಂದಳು ಟೀಚರ್.

"ಈ ಭಾಷೇಲಿ ನಾನೂ ಮಗೂನೇ ಅಲ್ವಾ ಟೀಚರ್."

ಇಂಥವರನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ. ಮುಂಜಾನೆ ಡ್ಯೂಟಿ, ಮಧ್ಯೆ ಮನೆ ಅಡುಗೆ, ಸಂಜೆಯಾದರೆ ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಕುರ್ಚಿಯಲ್ಲಿ ಈ ದೊಡ್ಡ ದೇಹ. ಬಾಗಿಲು ಹಾಕೆಂದರೆ ಹೋಗಿ ಕಿಟಕಿ ತೆರೆಯುವಳು. ಮಕ್ಕಳು ಬಿದ್ದು ಬಿದ್ದು ನಕ್ಕರೆ ತಾನೂ ನಗುವಳು. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಕೂರುವಳು.

ಚಳಿ ಇಳಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅಜ್ಜಿಯ ಕಿರುಚಾಟದ ನಡುವೆ ಎರಡು ಪದ ತಿಳಿಯಾಗಿ ಕೇಳಿಸಿದವು: 'ಮಿನ್ನ', ಎಲ್ಲರು. 'ಓಯು', ಬಿಸಿನೀರು. ಸಂಜೆ ಟೀಚರ್‌ಗೆ ಹೇಳಿದಳು.

"ಅಜ್ಜಿಗೆ ಸೋಪು ಎಲ್ಲಿ ಹಚ್ತೀರಿ?" ಎಂದು ಕೇಳಿದಳು ಟೀಚರ್.

"ತೊಟ್ಟಿಯೊಳಗೇ. ಜಾರಿ ಬೀಳ್ಬಾರ್ದಲ್ಲ."

"ಅಯ್ಯೋ ದೊಡ್ಡಕ್ಕ. ಅವರ ಕಡೆ ಹೊರಗೇ ಕೂತು ಸೋಪು ಹಚ್ಚಿ, ಪೂರ್ತಿ ತೊಳ್ಕೊಂಡು, ಆಮೇಲೆ ತೊಟ್ಟಿಗಿಳೀತಾರೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರಲ್ಲಿ ಕೂರೋದು. ಎಲ್ಲರ ನೀರನ್ನ ಕೊಳೆ ಮಾಡಿಸ್ಬೇಡಿ ಅಂತಿದಾಳೆ, ಪಾಪ."

ಅಜ್ಜಿ ತನ್ನ ಮೈಗಾಗಿ ಕೂಗುತ್ತಾಳೆಂದು ಇಡೀ ಆಶ್ರಮ ತಿಳಿದಿತ್ತು. ಅವಳು ಕೂಗುತ್ತಿದ್ದದ್ದು ತನ್ನ ಹಿಂದೆ ಬರುವವರಿಗಾಗಿ.

ಮರುದಿನ ಅಜ್ಜಿಯನ್ನು ತೊಟ್ಟಿಯ ಹೊರಗೆ ಸ್ಟೂಲಿನ ಮೇಲೆ ಕೂರಿಸಿ, ಸೋಪು ಹಚ್ಚಿ, ನೊರೆ ಪೂರ್ತಿ ಹೋಗುವವರೆಗೆ ನೀರು ಹೊಯ್ದಳು. ಆಮೇಲೆ ತೋಳು ಹಿಡಿದು ತೊಟ್ಟಿಗೆ ಇಳಿಸಿದಳು. ಅಜ್ಜಿ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದಳು. ಸದ್ದಿಲ್ಲ. ಗಾಬರಿಯಿಂದ ಇಣುಕಿದ ಮೇಟ್ರನ್, "ಮೇಲಿನ ಮಹಡಿ ಮಾತು ಬಿಡು," ಎಂದಷ್ಟೇ ಹೇಳಿ ಬಾಗಿಲು ಮುಚ್ಚಿದಳು.

ಟವೆಲು ಹೊದ್ದು ಕುರ್ಚಿಯಲ್ಲಿ ಕೂತ ಮೇಲೆ ಅಜ್ಜಿ ಅತ್ತಿತ್ತ ನೋಡಿದಳು. ಮುಂದಿನವರು ಯಾರೂ ಇರಲಿಲ್ಲ. ದೊಡ್ಡಕ್ಕನ ಕಡೆ ತಿರುಗಿ, ತಿಳಿಯಾಗಿದ್ದ ನೀರಿನತ್ತ ಕೈ ಚಾಚಿ, "ದೋಝೊ," ಎಂದಳು. ದಯವಿಟ್ಟು ಬನ್ನಿ, ಇನ್ನು ನೀವು ಎಂದರ್ಥ. ದೊಡ್ಡಕ್ಕ ಇಷ್ಟು ವರ್ಷ ಎಷ್ಟೋ ಜನರಿಗೆ ಸ್ನಾನ ಮಾಡಿಸಿದ್ದಳು. ಇನ್ನು ನೀನು ಮಾಡು ಎಂದವರು ಒಬ್ಬರೂ ಇರಲಿಲ್ಲ.

ದೊಡ್ಡಕ್ಕ ಏಪ್ರನ್ ಬಿಚ್ಚಿ, ತೊಟ್ಟಿಯ ಅಂಚಿನಲ್ಲಿ ಕೂತು, ಕಾಲನ್ನಾದರೂ ಇಳಿಬಿಡೋಣವೆಂದು ಎತ್ತಿದಳು. ಅಜ್ಜಿ ತಟ್ಟನೆ ಅವಳ ಮೊಣಕಾಲು ಹಿಡಿದು ತಡೆದು, ಸೋಪಿನ ಕಡೆ ಬೆರಳು ತೋರಿಸಿದಳು. ದೊಡ್ಡಕ್ಕ ಕಣ್ಣೊರೆಸಿಕೊಂಡು, ಸ್ಟೂಲಿನ ಮೇಲೆ ಕೂತು ಕಾಲು ತೊಳೆಯತೊಡಗಿದಳು.