ಗಂಗವ್ವ ಆಡದ ಮಾತು

ಗಂಗವ್ವ, ಆ ಮಾತು ನೀನು ಆಡಿದ್ದಲ್ಲ. ನಾನು ಬರೆದದ್ದು. ನಿನ್ನ ಹೆಸರು ಹಾಕಿ, ನೀನೇ ಹೇಳಿದಂತೆ ಅಚ್ಚು ಮಾಡಿಸಿದವನು ನಾನು.

ಆಗ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಇಳಕಲ್ಲಿನ ನೇಕಾರ ಹೆಂಗಸರ ಹಾಡುಗಳು ನನ್ನ ವಿಷಯ. ಹಾಡು ಕೂಡಿಸಿಕೊಂಡು ಬಾಗಲಕೋಟೆಗೆ ಹೋದರೆ ಮಾರ್ಗದರ್ಶಕರು ಹಾಳೆ ತಿರುವಿ ಹಾಕಿ ಕೇಳಿದರು: "ಸಾಹಿತ್ಯ ಆತು, ಸಂಸ್ಕೃತಿನೂ ಆತು. ಇದರಾಗ ತತ್ವ ಎಲ್ಲೈತಿ?" ತತ್ವ ಹುಡುಕಿಕೊಂಡು ಮತ್ತೆ ಇಳಕಲ್ಲಿಗೆ, ಹಾಡು ಹೇಳಿಕೊಟ್ಟಿದ್ದ ನಿನ್ನ ಮನೆಗೆ ಬಂದೆ. ನೀನು ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕುತ್ತ ಕುಳಿತಿದ್ದೆ. ಈ ಕೊಂಡಿಗೆ ಏನು ಅರ್ಥ ಎಂದು ಕೆದಕಿ ಕೆದಕಿ ಕೇಳಿದೆ. ನೀನು ತಲೆ ಎತ್ತಲಿಲ್ಲ.

"ಅರ್ಥ ಏನ್ರಿ ಮಾಸ್ತರ? ಕೊಂಡಿ ಸಡ್ಲ ಬಿದ್ರ ಸೆರಗ ಕಿತ್ತ ಬರ್ತೈತಿ. ಅಷ್ಟ."

ಬಾಗಲಕೋಟೆಗೆ ಮರಳುವ ಬಸ್ಸು ಅಮೀನಗಡ ದಾಟುವಷ್ಟರಲ್ಲಿ, ಬರೆದುಕೊಂಡಿದ್ದ ನಿನ್ನ ಮಾತನ್ನು ಹೊಡೆದು ಹಾಕಿ ಬರೆದೆ — "ಮೈ ಬ್ಯಾರೆ, ಸೆರಗ ಬ್ಯಾರೆ, ನಡುವಿನ ಕೊಂಡೀನ ಜೀವ." ನಿನ್ನ ಮಾತಿನ ಧಾಟಿಯನ್ನೇ ಕದ್ದು... ಮಾರ್ಗದರ್ಶಕರು ಬೆನ್ನು ತಟ್ಟಿದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಪ್ರಬಂಧ ಪುಸ್ತಕವಾಯಿತು; ಆ ಸಾಲು ಪಠ್ಯಕ್ಕೆ ಹೋಯಿತು, ವಿಚಾರ ಸಂಕಿರಣಗಳಿಗೆ ಹೋಯಿತು. ಓದಿದವರು ಅದನ್ನು ನಿನ್ನ ಬಾಯಿಂದಲೇ ಕೇಳಲು ಬರತೊಡಗಿದರು. ನಿನಗೆ ನೆನಪಿರಲಿಲ್ಲ — ಎಲ್ಲಿಂದ ಇರಬೇಕು? ಅಚ್ಚಾದ ಪುಸ್ತಕ ಸುಳ್ಳು ಹೇಳೀತೆಂದು ನಿನಗೆ ಹೊಳೆಯಲೇ ಇಲ್ಲ. "ಅಂದಿರಬೇಕ್ರಿ, ಮರ್ತೇನಿ" ಎನ್ನುತ್ತಿದ್ದೆಯಂತೆ. ಅವ್ವನಿಗೆ ಅರಳು ಮರಳು ಎಂದು ಮಗಳು ದವಾಖಾನೆಗೆ ಕರೆದೊಯ್ದಳು. ಎಳೆ ತಪ್ಪೀತೆಂದು ಹೆದರಿ ಕೊಂಡಿಯ ಕೆಲಸವನ್ನೂ ಬಿಡಿಸಿದಳು.

ಸುದ್ದಿ ತಿಳಿದು ಬಂದೆ. ನಿಜ ಹೇಳಬೇಕೆಂದೇ ಬಂದೆ. ನೀನು ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದೆ. ಮೊಮ್ಮಗಳಿಂದ ಓದಿಸಿ ಓದಿಸಿ ಆ ಸಾಲನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ನನ್ನನ್ನು ಕಂಡೊಡನೆ ಪೂರ್ತಿ ಒಪ್ಪಿಸಿದೆ.

"ಬರೋಬರಿ ಅಂದ್ನೇನ್ರಿ ಮಾಸ್ತರ?"

ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. 

"ಬರೋಬರಿ ಐತಿ, ಅವ್ವಾ" ಎಂದೆ.

ನೀನು ಹೋಗಿ ಎರಡು ವರ್ಷವಾಯಿತು. ಆ ಸಾಲು ಇನ್ನೂ ಪಾಠದಲ್ಲಿದೆ, ನಾನೇ ಪಾಠ ಮಾಡುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ನಾಳೆ ಈ ಕಾಗದವನ್ನು ನಿನ್ನ ಮಗಳ ಕೈಗೆ ಕೊಡುತ್ತೇನೆ. ಅವಳು ನನ್ನನ್ನು ಹೊರಗೆ ಹಾಕಲಿ. ನಿನ್ನ ತಲೆ ಕೊನೆಯವರೆಗೂ ನೆಟ್ಟಗಿತ್ತೆಂದು ಅವಳಿಗಾದರೂ ತಿಳಿಯಬೇಕು. ನಿನಗೆ ತಿಳಿಯಲಿಲ್ಲ.